ಟೂರ್ ಹೋಗುವ ಚಟ ಎಷ್ಟು ಹಳೆಯದು?

ಪ್ರಶ್ನೆ: ಮಗಳು ಕಾಲೇಜಿನಲ್ಲಿ ಪ್ರವಾಸೋದ್ಯಮ ಓದುತ್ತಿದ್ದಾಳೆ. ಅವಳ ನೋಟ್ಸಿನಲ್ಲಿ ‘ಪ್ರವಾಸೋದ್ಯಮ ಶುರುವಾಗಿದ್ದು 1841ರಲ್ಲಿ’ ಎಂದು ಬರೆದಿದೆ. ಅದಕ್ಕೂ ಮೊದಲು ಜನ ಸುಮ್ನೆ ಊರು ನೋಡಲು ಅಂತ ಎಲ್ಲಿಗೂ ಹೋಗುತ್ತಿರಲಿಲ್ಲವೇ? ಯಾತ್ರೆ, ವ್ಯಾಪಾರ, ಯುದ್ಧ, ಅಷ್ಟೇನಾ? ಇನ್ನೊಂದು ವಿಷಯ. ಈಗ ಕೆಲವು ಊರುಗಳು ‘ಪ್ರವಾಸಿಗರ ಸಹವಾಸ ಸಾಕು’ ಅನ್ನುತ್ತಿವೆಯಂತೆ. ಇದು ಹೊಸ ಕಾಯಿಲೆಯೋ, ಹಳೆಯದೋ?

ಉತ್ತರ: ನಿಮ್ಮ ಮಗಳ ನೋಟ್ಸಿನ ಜೊತೆ ಜಗಳಕ್ಕೆ ಇಳಿಯುವ ಮೊದಲು ಒಮ್ಮೆ ಈಜಿಪ್ಟಿಗೆ ಹೋಗಿ ಬರೋಣ. ಅಲ್ಲಿ ಸಕ್ಕಾರಾ ಎಂಬಲ್ಲಿ ಜೋಸರ್ ರಾಜನ ಮೆಟ್ಟಿಲು ಪಿರಮಿಡ್ ಇದೆ. ಅದರ ಆವರಣದ ಗೋಡೆಗಳ ಮೇಲೆ ಮಸಿಯಲ್ಲಿ ಗೀಚಿದ ಸಾಲುಗಳಿವೆ. ಒಂದನ್ನು ಬರೆದವನು ಖಜಾನೆಯ ಗುಮಾಸ್ತ, ಹೆಸರು ಹದ್‌ನಖ್ತ್. ಎರಡನೇ ರಾಮ್ಸೆಸ್ ಆಳುತ್ತಿದ್ದ ಕಾಲ, ಅಂದರೆ ಕ್ರಿ.ಪೂ. 13ನೇ ಶತಮಾನ. ಮೆಂಫಿಸ್ ನಗರದ ಪಶ್ಚಿಮಕ್ಕೆ ಸುತ್ತಾಡಿ ಖುಷಿಪಡಲು ಬಂದೆ, ಒಡಹುಟ್ಟಿದವನೂ ಜೊತೆಗಿದ್ದ ಎಂದು ತಾರೀಖು ಸಮೇತ ಬರೆದಿದ್ದಾನೆ. ಅವನು ಬರುವ ಹೊತ್ತಿಗೇ ಆ ಪಿರಮಿಡ್ಡಿಗೆ ಸುಮಾರು 1400 ವರ್ಷ ವಯಸ್ಸಾಗಿತ್ತು. ನಮಗೆ ಅವನು ಪುರಾತನ, ಅವನಿಗೆ ಅದು ಪುರಾತನ.

ವ್ಯಾಪಾರಕ್ಕೆ ಬಂದವನಲ್ಲ, ಯುದ್ಧಕ್ಕೂ ಬಂದವನಲ್ಲ. ರಜೆಯ ದಿನ ಹಳೆಯ ಕಟ್ಟಡ ನೋಡಲು ಬಂದು ಗೋಡೆಯ ಮೇಲೆ ಹೆಸರು ಬರೆದು ಹೋದವನು. ಇನ್ನೊಬ್ಬ ಗುಮಾಸ್ತನಿದ್ದಾನೆ. ತನಗಿಂತ ಮೊದಲು ಗೀಚಿದವರ ಕೆಟ್ಟ ಬರಹ ನೋಡಿ ಹೊಟ್ಟೆ ಉರಿಯಿತು ಎಂದು ಅದೇ ಜಾಗದಲ್ಲಿ ತಾನೂ ಗೀಚಿದ್ದಾನೆ. ಈ ಜಾತಿಯ ಜನ ನಿಮಗೂ ಗೊತ್ತಲ್ವಾ?

ಹದ್‌ನಖ್ತ್ ಬರೆದಿದ್ದರಲ್ಲಿ ಇನ್ನೊಂದು ಮಾತಿದೆ. ಖುಷಿಪಡಲು ಬಂದೆ ಎಂದವನು ಅಲ್ಲಿನ ದೇವರುಗಳನ್ನು ನೆನೆದು, ತುಂಬು ಆಯುಸ್ಸು ಕೊಡಿ ಎಂದೂ ಬೇಡಿಕೊಂಡಿದ್ದಾನೆ. ಹಾಗಾದರೆ ಅವನದು ಟೂರೋ, ಯಾತ್ರೆಯೋ? ನನ್ನ ಲೆಕ್ಕದಲ್ಲಿ ಎರಡೂ. ಪಠ್ಯಪುಸ್ತಕಗಳು ಇವೆರಡರ ನಡುವೆ ಗೋಡೆ ಕಟ್ಟುತ್ತವೆ. ಯಾತ್ರೆಗೆ ಹೋದವರು ಮಾತ್ರ ಯಾವ ಕಾಲದಲ್ಲೂ ಆ ಗೋಡೆ ಕಟ್ಟಿಕೊಂಡವರಲ್ಲ. ಇಂಗ್ಲಿಷಿನ ‘ಹಾಲಿಡೇ’ ಪದವೂ ‘ಹೋಲಿ ಡೇ’ ಎಂಬುದರಿಂದಲೇ ಬಂದದ್ದು, ಅಂದರೆ ದೇವರ ದಿನ.

ಅದೇ ಭಾಷೆಯ ಇನ್ನೆರಡು ಪದ ನೋಡಿ. ‘ಟ್ರಾವೆಲ್’ ಪದದ ಬೇರಿನಲ್ಲಿರುವುದು ದುಡಿತ, ಪಾಡು ಎಂಬ ಅರ್ಥ. ‘ಟೂರ್’ ಅಂದರೆ ಸುತ್ತು. ಹೊರಟ ಜಾಗಕ್ಕೇ ವಾಪಸ್ ಬರುವುದು. ಪಾಡಾಗಿದ್ದದ್ದು ಸುತ್ತಾಗಿದ್ದು ಹೇಗೆ ಎನ್ನುವುದೇ ಈ ಇತಿಹಾಸದ ತಿರುಳು ಎಂದು ನನಗನ್ನಿಸುತ್ತದೆ. ನೋಡುವ ಆಸೆ ಎಲ್ಲ ಕಾಲದಲ್ಲೂ ಇತ್ತು. ಬದಲಾಗುತ್ತಾ ಬಂದದ್ದು ಎರಡು ಸಂಗತಿ: ದಾರಿಯ ತಲೆನೋವನ್ನು ಯಾರು ಹೊತ್ತುಕೊಂಡರು ಮತ್ತು ಬಿಡುವು ಯಾರಿಗೆ ಸಿಕ್ಕಿತು. ಇನ್ನು ಮುಂದಿನದನ್ನೆಲ್ಲ ಈ ಎರಡರ ಮೇಲೆ ಕಣ್ಣಿಟ್ಟು ಓದಿ.

ಗ್ರೀಕರು ಒಲಿಂಪಿಯಾದ ಆಟ ನೋಡಲು ದೂರದೂರದಿಂದ ಸೇರುತ್ತಿದ್ದರು. ಬಂದುಹೋಗುವವರಿಗೆ ದಾರಿಯಲ್ಲಿ ತೊಂದರೆಯಾಗದಂತೆ ಆ ದಿನಗಳಿಗೆಂದೇ ಒಂದು ಒಪ್ಪಂದವೂ ಇತ್ತು. ‘ಏಳು ಅದ್ಭುತಗಳು’ ಪಟ್ಟಿಯೂ ಗ್ರೀಕರದೇ. ‘ಸಾಯುವ ಮೊದಲು ನೋಡಲೇಬೇಕಾದ ಜಾಗಗಳು’ ಎಂಬ ಇಂದಿನ ಪಟ್ಟಿಗಳಿಗೆಲ್ಲ ಅದೇ ಅಜ್ಜ.

ರೋಮನ್ನರ ಕಾಲಕ್ಕೆ ತಲೆನೋವು ಎಷ್ಟೋ ಕಡಿಮೆಯಾಯಿತು. ಸುಮಾರು 80,000 ಕಿಲೋಮೀಟರ್ ರಸ್ತೆ, ಸಾಮ್ರಾಜ್ಯದುದ್ದಕ್ಕೂ ನಡೆಯುವ ನಾಣ್ಯ, ಲ್ಯಾಟಿನ್, ಗ್ರೀಕ್ ಎರಡು ಭಾಷೆ ಬಂದರೆ ಎಲ್ಲಿ ಬೇಕಾದರೂ ಹೋಗಿಬರಬಹುದು. ಹಣವಂತರು ಬೇಸಿಗೆಗೆ ನೇಪಲ್ಸ್ ಕೊಲ್ಲಿಯ ಬಾಯೆ ಎಂಬ ಊರಿಗೆ ಹೋಗುತ್ತಿದ್ದರು. ತತ್ವಜ್ಞಾನಿ ಸೆನೆಕಾ ಅಲ್ಲಿಗೆ ಹೋದ ಮರುದಿನವೇ ಜಾಗ ಖಾಲಿ ಮಾಡಿದ. ದಂಡೆಯಲ್ಲಿ ಕುಡುಕರು, ದೋಣಿಗಳಲ್ಲಿ ಗಲಾಟೆ, ಕೆರೆಯ ತುಂಬ ಹಾಡು ಎಂದು ಅವನ ದೂರು. ಗೈಡುಗಳೂ ಆಗಲೇ ಇದ್ದರು. ಪ್ಲೂಟಾರ್ಕ್ ಬರೆದ ಒಂದು ಸಂಭಾಷಣೆಯಲ್ಲಿ ಡೆಲ್ಫಿಯ ಗೈಡುಗಳು ಬಾಯಿಪಾಠ ಮಾಡಿದ್ದನ್ನೇ ಒಪ್ಪಿಸುತ್ತಾ ಹೋಗುತ್ತಾರೆ. ಸ್ವಲ್ಪ ಚುಟುಕಾಗಿ ಹೇಳಿ ಮಾರಾಯರೇ ಎಂದು ಗೋಗರೆದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಬರೆದ ಪ್ಲೂಟಾರ್ಕ್ ಅದೇ ಡೆಲ್ಫಿಯ ದೇವಾಲಯದಲ್ಲಿ ಅರ್ಚಕನಾಗಿದ್ದವನು. ಕೇಳಿ ಕೇಳಿ ಸಾಕಾಗಿರಬೇಕು!

ರೋಮನ್ನರಿಗೆ ಈಜಿಪ್ಟ್ ಅಂದರೆ ದೊಡ್ಡ ಆಕರ್ಷಣೆ. ಇಂದಿನ ಲಕ್ಸರ್ ಬಳಿ ಕೂತ ಭಂಗಿಯ ಎರಡು ಭಾರಿ ವಿಗ್ರಹಗಳಿವೆ. ಮೆಮ್ನಾನ್ ವಿಗ್ರಹಗಳು ಎನ್ನುತ್ತಾರೆ. ಕ್ರಿ.ಪೂ. 27ರ ಭೂಕಂಪದಲ್ಲಿ ಒಂದರ ಮೇಲ್ಭಾಗ ಬಿದ್ದುಹೋಯಿತು. ಆಮೇಲೆ ಬೆಳಗಿನ ಬಿಸಿಲು ಬೀಳುವ ಹೊತ್ತಿಗೆ ಆ ಕಲ್ಲು ಒಂದು ಸದ್ದು ಮಾಡುತ್ತಿತ್ತು, ವೀಣೆಯ ತಂತಿ ಹರಿದಂತೆ. ಅದನ್ನು ಕೇಳಲು ಜನ ಮುಗಿಬಿದ್ದರು. ‘ಇಂಥ ದಿನ ಬಂದೆ, ಕೇಳಿದೆ’ ಎಂದು ವಿಗ್ರಹದ ಕಾಲಿನ ಮೇಲೇ ಕೆತ್ತಿಸಿ ಹೋದರು. ಗ್ರೀಕ್, ಲ್ಯಾಟಿನ್ ಎರಡೂ ಸೇರಿ ನೂರಕ್ಕೂ ಹೆಚ್ಚು ಬರಹ ಇವತ್ತಿಗೂ ಕಾಣುತ್ತವೆ. ಕ್ರಿ.ಶ. 130ರಲ್ಲಿ ಚಕ್ರವರ್ತಿ ಹೇಡ್ರಿಯನ್ ಹೆಂಡತಿಯ ಜೊತೆ ಬಂದ. ಮೊದಲ ದಿನ ವಿಗ್ರಹ ಬಾಯಿಬಿಡಲೇ ಇಲ್ಲ. ಜೊತೆಗಿದ್ದ ಕವಯಿತ್ರಿ ಜೂಲಿಯಾ ಬಾಲ್ಬಿಲ್ಲಾ ಅದಕ್ಕೂ ಒಂದು ಪದ್ಯ ಬರೆದಿಟ್ಟಳು. ಮುಂದೆ ಇನ್ನೊಬ್ಬ ಚಕ್ರವರ್ತಿ, ಸೆಪ್ಟಿಮಿಯಸ್ ಸೆವೆರಸ್, ಭಕ್ತಿಯಿಂದ ರಿಪೇರಿ ಮಾಡಿಸಿದ ಎನ್ನುತ್ತಾರೆ. ರಿಪೇರಿಯಾದ ಮೇಲೆ ಸದ್ದು ನಿಂತಿತು. ಸದ್ದಿನ ಜೊತೆ ಗಿರಾಕಿಯೂ ನಿಂತ.

ರೋಮ್ ಬಿದ್ದ ಮೇಲೆ ಯುರೋಪಿನ ರಸ್ತೆ ಹಾಳಾಯಿತು, ದಾರಿಯಲ್ಲಿ ದರೋಡೆ ಹೆಚ್ಚಿತು. ಸುಮ್ನೆ ಸುತ್ತಾಡುವುದು ಕಡಿಮೆಯಾಗಿ, ದೇವರ ಹೆಸರಿನಲ್ಲಿ ಹೊರಡುವುದು ಉಳಿಯಿತು. ಏಷ್ಯಾ, ಆಫ್ರಿಕಾಗಳಲ್ಲೂ ದೂರ ಹೋದವರು ಹೆಚ್ಚಾಗಿ ಈ ಜಾತಿಯವರೇ. ಚೀನಾದ ಬೌದ್ಧ ಭಿಕ್ಷು ಷ್ವಾನ್‌ಜಾಂಗ್ 629ರಲ್ಲಿ ಹೊರಟು ವಾಪಸ್ ಬಂದದ್ದು 645ರಲ್ಲಿ. ಇಬ್ನ್ ಬತೂತಾ 1325ರಲ್ಲಿ, 21ನೇ ವಯಸ್ಸಿನಲ್ಲಿ, ಹಜ್ ಯಾತ್ರೆಗೆಂದು ಮೊರಾಕ್ಕೊದ ತನ್ನೂರು ಟ್ಯಾಂಜಿಯರ್ ಬಿಟ್ಟವನು ಸುಮಾರು 30 ವರ್ಷ ತಿರುಗಿದ. ಇವರನ್ನು ಪ್ರವಾಸಿಗರು ಎನ್ನಲು ನನಗೆ ನಾಲಿಗೆ ಬರುವುದಿಲ್ಲ. ಇವರು ಪಟ್ಟದ್ದು ನಿಜವಾದ ಪಾಡು. ದಾರಿಯ ತಲೆನೋವೆಲ್ಲ ಅವರದೇ.

ತಲೆನೋವು ಎಂಥದ್ದಿತ್ತು ಎನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಸ್ಪೇನಿನ ಸಾಂಟಿಯಾಗೊ ಯಾತ್ರೆಗೆ ಹೋಗುವವರಿಗಾಗಿ 12ನೇ ಶತಮಾನದಲ್ಲಿ ಬರೆದ ಒಂದು ಕೈಪಿಡಿ ಉಳಿದುಬಂದಿದೆ. ಎಲ್ಲಿ ನೀರು ಕುಡಿಯಬಹುದು, ಯಾವ ಅಂಬಿಗರು ಮೋಸ ಮಾಡುತ್ತಾರೆ ಎಂಬುದೆಲ್ಲ ಅದರಲ್ಲಿದೆ. ನವಾರಾ ಸೀಮೆಯ ಒಂದು ಉಪ್ಪುನೀರಿನ ಹೊಳೆಯ ಕಥೆ ಓದಿ. ದಡದಲ್ಲಿ ಇಬ್ಬರು ಚಾಕು ಮಸೆಯುತ್ತಾ ಕೂತಿದ್ದರಂತೆ. ನೀರು ಕುಡಿಯಬಹುದಾ ಎಂದು ಕೇಳಿದ್ದಕ್ಕೆ ‘ಓಹೋ, ಕುಡಿಯಬಹುದು’ ಎಂದರು. ಕುದುರೆಗಳಿಗೆ ಕುಡಿಸಿದ ಕೂಡಲೇ ಎರಡು ಅಲ್ಲೇ ಸತ್ತವು. ಇಬ್ಬರೂ ಎದ್ದು ಬಂದು ಅವುಗಳ ಚರ್ಮ ಸುಲಿಯಲು ಶುರುಮಾಡಿದರು. ಅದಕ್ಕೇ ಚಾಕು ಮಸೆಯುತ್ತಿದ್ದದ್ದು!

ಈ ಥರದ ಭಯ ಇದ್ದಾಗ ‘ನೀವು ದುಡ್ಡು ಕೊಡಿ, ಮಿಕ್ಕಿದ್ದು ನಾವು ನೋಡಿಕೊಳ್ಳುತ್ತೇವೆ’ ಎನ್ನುವವನಿಗೆ ಬೆಲೆ ಬರದೇ ಇರುತ್ತದೆಯೇ? ಆ ಮಾತನ್ನು ಚೆನ್ನಾಗಿ ಮಾರಿದ ಊರು ವೆನಿಸ್. ಅಲ್ಲಿಂದ ಜೆರೂಸಲೇಮ್ ಯಾತ್ರೆಗೆ ಹಡಗು ಹೊರಡುತ್ತಿದ್ದವು. ಜರ್ಮನಿಯ ಉಲ್ಮ್ ಊರಿನ ಸನ್ಯಾಸಿ ಫೆಲಿಕ್ಸ್ ಫಾಬ್ರಿ 1483ರಲ್ಲಿ ಹೊರಟಾಗ ಹಡಗಿನ ಯಜಮಾನನ ಜೊತೆ ಆದ ಕರಾರಿನ ಷರತ್ತುಗಳನ್ನು ಬರೆದಿಟ್ಟಿದ್ದಾನೆ. ಹೋಗಿ ಬರುವ ಪ್ರಯಾಣ, ದಿನಕ್ಕೆ ಎರಡು ಊಟ, ದಾರಿಯ ಸುಂಕ, ಅಲ್ಲಿ ಸುತ್ತಲು ಕತ್ತೆಗಳ ಬಾಡಿಗೆ, ಎಲ್ಲ ಅದರಲ್ಲೇ ಸೇರಿದೆ. ಯಾತ್ರಿಕರು ಕೋಳಿ ಸಾಕಿಕೊಳ್ಳಲು ಹಡಗಿನಲ್ಲಿ ಜಾಗ ಕೊಡಬೇಕು. ಜೆರೂಸಲೇಮ್ ಮುಟ್ಟುವ ಮೊದಲೇ ಯಾರಾದರೂ ಸತ್ತರೆ ಅರ್ಧ ದುಡ್ಡು ವಾಪಸ್ ಕೊಡಬೇಕು! ಇದಕ್ಕೆ ಪ್ಯಾಕೇಜ್ ಟೂರ್ ಎನ್ನದೆ ಇನ್ನೇನು ಅನ್ನೋಣ? ಪ್ಯಾಕೇಜಿನ ಗೋಳೂ ಆಗಲೇ ಇತ್ತು. ಫಾಬ್ರಿಗೆ ಇದು ಎರಡನೇ ಯಾತ್ರೆ. 1480ರಲ್ಲಿ ಮೊದಲ ಸಲ ಹೋದಾಗ ಒಂಬತ್ತೇ ದಿನದಲ್ಲಿ ಎಲ್ಲವನ್ನೂ ಓಡಾಡಿಸಿ ತೋರಿಸಿ ಹಡಗು ಹತ್ತಿಸಿದ್ದರು. ಏನನ್ನೂ ಸರಿಯಾಗಿ ನೋಡಲಾಗಲಿಲ್ಲ ಎಂಬ ಕೊರಗಿಗೇ ಅವನು ಮತ್ತೆ ಹೊರಟಿದ್ದು.

ಜಪಾನಿನಲ್ಲಿ ಇದೇ ಕೆಲಸ ಬೇರೆ ರೀತಿಯಲ್ಲಿ ನಡೆಯಿತು. ಅಲ್ಲಿ 17ನೇ ಶತಮಾನದಿಂದ 19ರವರೆಗೆ ಜನಸಾಮಾನ್ಯರು ಊರು ಬಿಟ್ಟು ಹೋಗಲು ಪರವಾನಗಿ ಬೇಕಿತ್ತು. ಸುಮ್ನೆ ತಿರುಗಲು ಹೋಗುತ್ತೇನೆ ಎಂದರೆ ಕೊಡುತ್ತಿರಲಿಲ್ಲ. ಇಸೆ ದೇವಸ್ಥಾನಕ್ಕೆ ಎಂದರೆ ಬೇಡ ಎನ್ನಲಾಗುತ್ತಿರಲಿಲ್ಲ. ಹಳ್ಳಿಯವರು ಸೇರಿ ಹಣ ಕೂಡಿಸುತ್ತಿದ್ದರು, ಚೀಟಿ ಎತ್ತುತ್ತಿದ್ದರು, ಹೆಸರು ಬಂದವರು ಎಲ್ಲರ ಪರವಾಗಿ ಹೋಗಿಬರುತ್ತಿದ್ದರು. ಇಸೆಯ ಅರ್ಚಕ ಮನೆತನದವರು ಊರೂರು ತಿರುಗಿ ಜನರನ್ನು ಒಪ್ಪಿಸಿ, ಬಂದವರಿಗೆ ತಮ್ಮಲ್ಲೇ ಊಟ, ವಸತಿ ಕೊಡುತ್ತಿದ್ದರು. ಕೈಮುಗಿದಾದ ಮೇಲೆ ಅಲ್ಲೇ ಪಕ್ಕದಲ್ಲಿ ಹಾಡು, ಕುಣಿತ, ಕುಡಿತ. 1830ರ ಒಂದೇ ವರ್ಷ ಇಸೆಗೆ 40 ಲಕ್ಷಕ್ಕೂ ಹೆಚ್ಚು ಜನ ನುಗ್ಗಿದರು. ಆಗ ಆ ದೇಶದ ಜನಸಂಖ್ಯೆಯೇ ಮೂರು ಕೋಟಿಯ ಆಸುಪಾಸು. ರೈಲಿಲ್ಲದ ಕಾಲ, ಹೆಚ್ಚಿನವರು ನಡೆದೇ ಬಂದವರು. ಯುರೋಪನ್ನಷ್ಟೇ ನೋಡಿ ಪ್ರವಾಸದ ಇತಿಹಾಸ ಬರೆಯುವವರು ಇದನ್ನು ಬಿಟ್ಟುಬಿಡುತ್ತಾರೆ. ನನಗೆ ಇದರ ಬಗ್ಗೆ ಸ್ವಲ್ಪ ಸಿಟ್ಟಿದೆ.

ಅವರು ಬಿಡದೇ ಬರೆಯುವುದು ‘ಗ್ರ್ಯಾಂಡ್ ಟೂರ್’ ಬಗ್ಗೆ. 17, 18ನೇ ಶತಮಾನದಲ್ಲಿ ಇಂಗ್ಲೆಂಡಿನ ಶ್ರೀಮಂತರ ಮಕ್ಕಳು ಓದು ಮುಗಿಸಿ ಎರಡು ಮೂರು ವರ್ಷ ಫ್ರಾನ್ಸ್, ಇಟಲಿ ಸುತ್ತುತ್ತಿದ್ದರು. ಕಲೆ, ಭಾಷೆ, ನಡವಳಿಕೆ ಕಲಿಯಲಿ ಎಂದು ಅಪ್ಪಂದಿರ ಆಸೆ. ಮಕ್ಕಳ ಆಸೆ ಬೇರೆ ಇರುತ್ತಿತ್ತು. ಕಾಯಲು ಒಬ್ಬ ಮೇಷ್ಟರನ್ನು ಜೊತೆಗೆ ಕಳಿಸುತ್ತಿದ್ದರು. ಅವರಿಗೆ ಜನ ಇಟ್ಟ ಅಡ್ಡಹೆಸರು ‘ಕರಡಿ ಆಡಿಸುವವ’. ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ಕೂಡ 1764ರಲ್ಲಿ ಪ್ರೊಫೆಸರ್ ಹುದ್ದೆ ಬಿಟ್ಟು ಒಬ್ಬ ಡ್ಯೂಕನಿಗೆ ಇಂಥ ಮೇಷ್ಟರಾಗಿ ಫ್ರಾನ್ಸಿಗೆ ಹೋದವರು. ಅಲ್ಲಿ ಹೊತ್ತು ಹೋಗದೆ ಒಂದು ಪುಸ್ತಕ ಬರೆಯಲು ಶುರುಮಾಡಿದ್ದೇನೆ ಎಂದು ಗೆಳೆಯನಿಗೆ ಕಾಗದ ಬರೆದರು. ಇರಲಿ. ‘ಟೂರಿಸ್ಟ್’ ಎಂಬ ಪದ ಇಂಗ್ಲಿಷಿನಲ್ಲಿ ಕಾಣಿಸಿಕೊಂಡದ್ದು ಇದೇ 18ನೇ ಶತಮಾನದ ಕೊನೆಗೆ. ದುಡ್ಡು, ಬಿಡುವು ಎರಡೂ ಇದ್ದ ಬೆರಳೆಣಿಕೆಯ ಜನರ ಕಥೆ ಇದು, ಇಲ್ಲಿಗೆ ಸಾಕು.

ಈಗ ನಿಮ್ಮ 1841ಕ್ಕೆ ಬರೋಣ. ಥಾಮಸ್ ಕುಕ್ ಮರಗೆಲಸದವನು, ಕುಡಿತದ ವಿರುದ್ಧ ಪ್ರಚಾರ ಮಾಡುತ್ತಿದ್ದ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಥದವನು. ಆ ವರ್ಷ ಜೂನಿನಲ್ಲಿ ಲೆಸ್ಟರ್ ಊರಿನ ಸಭೆಗೆ ನಡೆದು ಹೋಗುತ್ತಿದ್ದಾಗ ಒಂದು ಯೋಚನೆ ಹೊಳೆಯಿತು: ಮುಂದಿನ ಸಭೆಗೆ ಜನರನ್ನು ರೈಲಿನಲ್ಲೇ ಕರೆದೊಯ್ದರೆ ಹೇಗೆ? ರೈಲು ಕಂಪನಿಯ ಜೊತೆ ಮಾತಾಡಿದ. ಜುಲೈ 5ರಂದು ಸುಮಾರು 500 ಜನ ಲೆಸ್ಟರ್‌ನಿಂದ ಲಾಫ್‌ಬರೋಗೆ ಹೊರಟರು. ತೆರೆದ ಬೋಗಿ, ಬ್ಯಾಂಡು, ಹೋಗಿ ಬರಲು ತಲೆಗೆ ಒಂದು ಶಿಲ್ಲಿಂಗ್. ದೂರ ಇಪ್ಪತ್ತು ಕಿಲೋಮೀಟರ್ ಕೂಡ ಇಲ್ಲ.

ಇಂಥ ವಿಶೇಷ ರೈಲು ಅವನಿಗಿಂತ ಮೊದಲೂ ಓಡಿದ್ದವು. ಹಾಗಾಗಿ ಮೊದಲಿಗ ಎನ್ನುವ ಪಟ್ಟ ಅವನಿಗೆ ಸಲ್ಲುವುದಿಲ್ಲ. ಅವನ ಹೆಚ್ಚುಗಾರಿಕೆ ಇರುವುದು ಆಮೇಲಿನ ವರ್ಷಗಳಲ್ಲಿ. 1845ರಲ್ಲಿ ಲಾಭಕ್ಕಾಗಿ ಮೊದಲ ಸಲ ಲಿವರ್‌ಪೂಲ್ ಟೂರ್ ಮಾಡಿದಾಗ ಮುಂಚೆಯೇ ತಾನು ಹೋಗಿ ಹೋಟೆಲ್, ದಾರಿ ಎಲ್ಲ ನೋಡಿಕೊಂಡು ಬಂದ. ಜನರ ಕೈಗೆ ಒಂದು ಚಿಕ್ಕ ಕೈಪಿಡಿಯನ್ನೂ ಕೊಟ್ಟ. ಮರುವರ್ಷದ ಸ್ಕಾಟ್ಲೆಂಡ್ ಟೂರ್ ಕೆಟ್ಟುಹೋಯಿತು. ದೂರದ ಪ್ರಯಾಣ, ರೈಲಿನಲ್ಲಿ ಶೌಚಾಲಯವೇ ಇಲ್ಲ. ಆ ಪಾಡು ಊಹಿಸಿಕೊಳ್ಳಿ. ಅವನು ಬಿಡಲಿಲ್ಲ. 1851ರ ಲಂಡನ್ ವಸ್ತುಪ್ರದರ್ಶನಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಕರೆತಂದ. 1863ರಲ್ಲಿ ಸ್ವಿಟ್ಜರ್ಲೆಂಡ್, 1869ರಲ್ಲಿ ಈಜಿಪ್ಟ್. 1872ರಲ್ಲಿ ಒಂದು ಗುಂಪು ಕಟ್ಟಿಕೊಂಡು 222 ದಿನಗಳಲ್ಲಿ ಭೂಮಿಯನ್ನೇ ಸುತ್ತಿ ಬಂದ. ಅಮೆರಿಕದ ಉದ್ದಕ್ಕೂ ರೈಲು, ಸುಯೆಜ್ ಕಾಲುವೆ, ಎರಡೂ ಮೂರು ವರ್ಷ ಮೊದಲು 1869ರಲ್ಲಿ ತೆರೆದದ್ದರಿಂದ ಇದು ಆಯಿತು.

ಅವನ ನಿಜವಾದ ಸರಕು ಒಂದು ಚೀಟಿ. ಮೊದಲೇ ದುಡ್ಡು ಕೊಟ್ಟು ಹೋಟೆಲ್ ಕೂಪನ್ ಕೊಂಡರೆ ಸಾಕು. ಗುರುತಿಲ್ಲದ ಊರಿನಲ್ಲಿ ಭಾಷೆ ಬಾರದಿದ್ದರೂ ಆ ಚೀಟಿ ತೋರಿಸಿದರೆ ಮಲಗಲು ಜಾಗ, ಊಟ. ಚೌಕಾಸಿಯಿಲ್ಲ, ಮೋಸದ ಭಯವಿಲ್ಲ. ಆಮೇಲೆ ವಿದೇಶದಲ್ಲಿ ಹಣವಾಗಿ ಮಾಡಿಕೊಳ್ಳಬಹುದಾದ ಪತ್ರವನ್ನೂ ತಂದ. ಒಂಟಿ ಹೆಂಗಸರು ಅಷ್ಟು ದೊಡ್ಡ ಸಂಖ್ಯೆಯಲ್ಲಿ ಅವನ ಟೂರುಗಳಲ್ಲಿ ಹೊರಟಿದ್ದು ಇದೇ ಧೈರ್ಯದ ಮೇಲೆ. ಗುಮಾಸ್ತರು, ಮೇಷ್ಟರು, ಅಂಗಡಿಯವರೆಲ್ಲ ಇಟಲಿಗೆ ಬರತೊಡಗಿದಾಗ ಮೇಲ್ವರ್ಗದವರಿಗೆ ತಡೆಯಲಾಗಲಿಲ್ಲ. ಅಲ್ಲಿದ್ದ ಒಬ್ಬ ಬ್ರಿಟಿಷ್ ಲೇಖಕ ಪತ್ರಿಕೆಯಲ್ಲಿ ಏನು ಬರೆದ ಗೊತ್ತೇ? ಆಸ್ಟ್ರೇಲಿಯಾ ಬೇಡವೆಂದ ಕೈದಿಗಳನ್ನು ಸರ್ಕಾರ ಈ ಕುಕ್ ಮೂಲಕ ಇಟಲಿಗೆ ಸಾಗಿಸುತ್ತಿದೆ ಎಂಬ ಪುಕಾರು ಹಬ್ಬಿಸಿದ. ತಾನು ಹೋದರೆ ಪ್ರಯಾಣಿಕ, ಬೇರೆಯವರು ಬಂದರೆ ಟೂರಿಸ್ಟ್. ಈ ಬಿಗುಮಾನ ಇನ್ನೂ ಹೋಗಿಲ್ಲ ಬಿಡಿ.

ಇಷ್ಟಾದರೂ ಕಾರ್ಖಾನೆಯ ಕೂಲಿಯವನು ದೂರ ಹೋಗಲಾಗುತ್ತಿರಲಿಲ್ಲ. ರೈಲಿತ್ತು, ಅಗ್ಗದ ಟಿಕೆಟ್ಟೂ ಇತ್ತು, ಸಂಬಳದ ರಜೆ ಇರಲಿಲ್ಲ. ಒಂದು ವಾರ ಹೋದರೆ ಒಂದು ವಾರದ ಕೂಲಿ ಖೋತಾ. ಪ್ರವಾಸದ ಇತಿಹಾಸದಲ್ಲಿ ರೈಲು, ವಿಮಾನದ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ, ರಜೆಯ ಕಾನೂನಿಗೆ ಎರಡು ಸಾಲು. ನಾನಾದರೆ 1936ಕ್ಕೆ ಒಂದು ಅಧ್ಯಾಯ ಕೊಡುತ್ತೇನೆ. ಆ ವರ್ಷ ಜೂನಿನಲ್ಲಿ, ದೊಡ್ಡ ಮುಷ್ಕರಗಳ ನಂತರ, ಫ್ರಾನ್ಸಿನ ಸರ್ಕಾರ ಎಲ್ಲ ಕಾರ್ಮಿಕರಿಗೂ ಎರಡು ವಾರದ ಸಂಬಳದ ರಜೆ ಕೊಟ್ಟಿತು. ರೈಲು ಟಿಕೆಟ್ಟಿನಲ್ಲಿ ರಿಯಾಯಿತಿಯನ್ನೂ ಕೊಟ್ಟಿತು. ಆ ಬೇಸಿಗೆಯಲ್ಲಿ ಲಕ್ಷಾಂತರ ಜನ ಜೀವನದಲ್ಲಿ ಮೊದಲ ಸಲ ಸಮುದ್ರ ನೋಡಿದರು. ಅದೇ ವರ್ಷ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ವರ್ಷಕ್ಕೆ ಕನಿಷ್ಠ ಆರು ದಿನ ಸಂಬಳದ ರಜೆ ಎಂಬ ಒಪ್ಪಂದ ಮಾಡಿತು. 1938ರಲ್ಲಿ ಬ್ರಿಟನ್ನೂ ಇಂಥದೇ ಕಾನೂನು ತಂದಿತು.

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ರಜೆಯೂ ಇತ್ತು, ಕೆಲಸವಿಲ್ಲದೆ ನಿಂತ ವಿಮಾನಗಳೂ ಇದ್ದವು. 1950ರ ಮೇ ತಿಂಗಳಲ್ಲಿ ಲಂಡನ್ನಿನ ವ್ಲಾಡಿಮಿರ್ ರೈಟ್ಸ್ ಎಂಬವನು ಒಂದು ಹಳೆಯ ಡಕೋಟಾ ವಿಮಾನ ಗೊತ್ತುಮಾಡಿ ಒಂದಿಷ್ಟು ಜನರನ್ನು ಕಾರ್ಸಿಕಾ ದ್ವೀಪಕ್ಕೆ ಕರೆದೊಯ್ದ. ವಿಮಾನ, ವಸತಿ, ಊಟ ಎಲ್ಲ ಸೇರಿ 32 ಪೌಂಡ್ 10 ಶಿಲ್ಲಿಂಗ್. ಮಲಗಲು ಡೇರೆ. ಸರ್ಕಾರದ ವಿಮಾನ ಕಂಪನಿಗೆ ಪೆಟ್ಟು ಬೀಳಬಾರದೆಂದು ವಿದ್ಯಾರ್ಥಿಗಳು, ಮೇಷ್ಟರುಗಳನ್ನು ಮಾತ್ರ ಕರೆದೊಯ್ಯಬೇಕು ಎಂಬ ಷರತ್ತಿನ ಮೇಲೆ ಅನುಮತಿ ಸಿಕ್ಕಿತ್ತು. ಸ್ಪೇನಿನ ಮೀನುಗಾರರ ಹಳ್ಳಿಗಳು ಹೋಟೆಲ್ಲುಗಳ ಕಾಡಾಗಿದ್ದು ಇಂಥ ವಿಮಾನಗಳಿಂದಲೇ. 1958ರಿಂದ ಬೋಯಿಂಗ್ 707, 1970ರಿಂದ 747 ಎಂಬ ದೊಡ್ಡ ಜೆಟ್ ವಿಮಾನಗಳು ಬಂದವು. ಸೀಟು ಹೆಚ್ಚಿದಷ್ಟೂ ತಲಾ ಖರ್ಚು ಇಳಿಯಿತು. ಸರ್ಕಾರಗಳು ಟಿಕೆಟ್ ದರದ ಮೇಲಿನ ಹಿಡಿತ ಬಿಟ್ಟಿದ್ದು, ಅಮೆರಿಕ 1978ರಲ್ಲಿ, ಯುರೋಪ್ 1990ರ ದಶಕದಲ್ಲಿ, ಇನ್ನೊಂದು ದೊಡ್ಡ ತಿರುವು. ಆಮೇಲೆ ಇಂಟರ್ನೆಟ್ ಬಂತು. ಕುಕ್ ಹೊತ್ತುಕೊಂಡಿದ್ದ ತಲೆನೋವನ್ನು ಮೊಬೈಲ್ ಮತ್ತೆ ನಮ್ಮ ಕೈಗೇ ಕೊಟ್ಟಿದೆ, ಹಗುರಾಗಿರುವುದರಿಂದ ನಮಗೆ ಗೊತ್ತಾಗುತ್ತಿಲ್ಲ ಅಷ್ಟೇ. ಅವನ ಹೆಸರಿನ ಬ್ರಿಟಿಷ್ ಕಂಪನಿ 2019ರ ಸೆಪ್ಟೆಂಬರಿನಲ್ಲಿ ಬಾಗಿಲು ಹಾಕಿತು. ಹೊರದೇಶಗಳಲ್ಲಿ ಸಿಕ್ಕಿಬಿದ್ದ ಸುಮಾರು ಒಂದೂವರೆ ಲಕ್ಷ ಗಿರಾಕಿಗಳನ್ನು ಬ್ರಿಟಿಷ್ ಸರ್ಕಾರ ವಾಪಸ್ ಕರೆತರಬೇಕಾಯಿತು. 1851ರಲ್ಲಿ ಅವನು ಲಂಡನ್ನಿಗೆ ಕರೆತಂದದ್ದೂ ಹೆಚ್ಚುಕಡಿಮೆ ಅಷ್ಟೇ ಜನರನ್ನು.

ಸಂಖ್ಯೆಗಳನ್ನು ನೋಡಿದರೆ ನಿಮ್ಮ ಎರಡನೇ ಪ್ರಶ್ನೆಯ ಉತ್ತರ ಅರ್ಧ ಸಿಗುತ್ತದೆ. 1950ರಲ್ಲಿ ಇಡೀ ಜಗತ್ತಿನಲ್ಲಿ ಗಡಿ ದಾಟಿ ಬಂದ ಪ್ರವಾಸಿಗರ ಲೆಕ್ಕ ಸುಮಾರು ಎರಡೂವರೆ ಕೋಟಿ. 2019ರಲ್ಲಿ ಅದು ಸುಮಾರು 146 ಕೋಟಿ. ಕೋವಿಡ್ ವರ್ಷ 2020ರಲ್ಲಿ 40 ಕೋಟಿಯ ಆಸುಪಾಸಿಗೆ ಕುಸಿದು, 2024ರ ಹೊತ್ತಿಗೆ ಮತ್ತೆ 140 ಕೋಟಿ ಮುಟ್ಟಿತು. ಗುಂಪಿನ ಮೇಲಿನ ಗೊಣಗಾಟ ಸೆನೆಕಾನಷ್ಟು ಹಳೆಯದು, ಆದರೆ ಗುಂಪಿನ ಗಾತ್ರ ಹೊಸದು.

ಗುಂಪು ಏನು ಮಾಡುತ್ತದೆ ಎಂಬುದಕ್ಕೆ ಫ್ರಾನ್ಸಿನ ಲಾಸ್ಕೋ ಗುಹೆಯನ್ನು ನೋಡಿ. ಹದಿನೇಳು ಸಾವಿರ ವರ್ಷಕ್ಕೂ ಹಳೆಯವು ಎನ್ನಲಾದ ಪ್ರಾಣಿಗಳ ಚಿತ್ರ ಅಲ್ಲಿವೆ. 1940ರಲ್ಲಿ ನಾಲ್ವರು ಹುಡುಗರ ಕಣ್ಣಿಗೆ ಬಿದ್ದ ಈ ಗುಹೆ 1948ರಲ್ಲಿ ಜನರಿಗೆ ತೆರೆಯಿತು. ದಿನಕ್ಕೆ ಸಾವಿರಕ್ಕೂ ಹೆಚ್ಚು ಜನ ಬರತೊಡಗಿದರು. ಯಾರೂ ಗೋಡೆ ಕೆರೆಯಬೇಕಾಗಲಿಲ್ಲ, ಹೆಸರು ಗೀಚಬೇಕಾಗಲಿಲ್ಲ. ಸುಮ್ನೆ ನಿಂತು ಉಸಿರಾಡಿದರು. ಆ ಉಸಿರಿನ ತೇವ, ಇಂಗಾಲದ ಡೈಆಕ್ಸೈಡ್, ಮೈಶಾಖ, ಜೊತೆಗೆ ದೀಪದ ಬೆಳಕು ಸೇರಿ ಗೋಡೆಗಳ ಮೇಲೆ ಹಸಿರು ಪಾಚಿ ಹಬ್ಬಿತು. 1963ರಲ್ಲಿ ಗುಹೆ ಮುಚ್ಚಿದರು. 1983ರಿಂದ ಜನ ನೋಡುತ್ತಿರುವುದು ಪಕ್ಕದಲ್ಲಿ ಕಟ್ಟಿದ ನಕಲಿ ಗುಹೆಯನ್ನು. ಅದಕ್ಕೂ ಜನ ಸಾಲುಗಟ್ಟುತ್ತಾರೆ.

ವೆನಿಸ್ ಕಥೆ ಇನ್ನೊಂದು ಥರ. ಯಾತ್ರಿಕರ ಕಾಲದಲ್ಲಿ ಬಂದವರಿಗೆ ಹಡಗು, ಬಿಡಾರ ಹುಡುಕಿಕೊಡಲು ಸರ್ಕಾರವೇ ಗೈಡುಗಳನ್ನು ನೇಮಿಸಿತ್ತು. ಅವರು ಸೇಂಟ್ ಮಾರ್ಕ್ ಚೌಕದಲ್ಲಿ ಕಾದು ನಿಲ್ಲುತ್ತಿದ್ದರು. 2021ರಲ್ಲಿ ಅದೇ ಚೌಕದ ಮುಂದೆ ದೊಡ್ಡ ಕ್ರೂಸ್ ಹಡಗುಗಳು ಹಾದುಹೋಗುವುದನ್ನು ನಿಷೇಧಿಸಿದರು. 2024ರ ಏಪ್ರಿಲ್‌ನಿಂದ, ಜನ ಜಾಸ್ತಿ ಬರುವ ದಿನಗಳಲ್ಲಿ, ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆ 5 ಯೂರೋ ಪ್ರವೇಶ ಶುಲ್ಕ ಹಾಕಿದರು.

ಪರೀಕ್ಷೆಯಲ್ಲಿ ಕೇಳಿದರೆ ನಿಮ್ಮ ಮಗಳು 1841 ಎಂದೇ ಬರೆಯಲಿ, ಅಂಕ ಹೋಗುವುದು ಬೇಡ. ಹತ್ತು ಅಂಕದ ಪ್ರಬಂಧವಾದರೆ ಫಾಬ್ರಿಯ ಕೋಳಿಗಳಿಗೂ 1936ಕ್ಕೂ ಒಂದೊಂದು ಪ್ಯಾರಾ ಇರಲಿ.